ಕೈ ಕಟ್ಟಿ ಕೂರುವ ಕೆಲಸ

ಶನಿವಾರ ಮಧ್ಯಾಹ್ನ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದ ಹಿಂದಿನ ಕೋಣೆ. ಒಂದು ಗೋಡೆಗೆ ಕಾನ್ಪುರದ ಅಲಿಮ್ಕೊದಿಂದ ಬಂದು ಇನ್ನೂ ಹಂಚಿಕೆಯಾಗದ ಗಾಲಿಕುರ್ಚಿಗಳು, ಇನ್ನೊಂದಕ್ಕೆ ಕಡತಗಳು. ಮೇಜಿನ ಆಚೆ ಹದಿನೈದು ವರ್ಷದಿಂದ ವಿಶೇಷ ಅಗತ್ಯವುಳ್ಳ ಮಕ್ಕಳ ಸಂಪನ್ಮೂಲ ಶಿಕ್ಷಕಿ. ಈಚೆ ಈಗಷ್ಟೇ ಡಿಗ್ರಿ ಮುಗಿಸಿದ ಹುಡುಗಿ.

– ಕೂತ್ಕೋ. ಆ ಕುರ್ಚಿ ಬೇಡ, ಅಲ್ಲಾಡುತ್ತೆ. ಈ ಕೋಣೇಲಿ ಗಟ್ಟಿಯಾಗಿರೋದು ಗಾಲಿಕುರ್ಚಿ ಮಾತ್ರ, ಅದು ಮಕ್ಕಳದ್ದು. ಈ ಬೆಂಚಿಗೆ ಬಾ.

– ಮೇಡಂ, ಇಲ್ಲೇ ಯಾವುದಾದರೂ ಶಾಲೇಲಿ ಒಂದು ತಿಂಗಳು ಸ್ವಯಂಸೇವಕಿಯಾಗಿ ಕೆಲಸ ಮಾಡಬೇಕು ಅಂತ. ವಿಶೇಷ ಬಿ.ಎಡ್‌ಗೆ ಅರ್ಜಿ ಹಾಕ್ತಿದ್ದೀನಿ. ಅನುಭವ ಇದ್ದರೆ ಒಳ್ಳೇದು ಅಂದ್ರು.

– ಅನುಭವ ಬೇಕೋ, ಸರ್ಟಿಫಿಕೇಟ್ ಬೇಕೋ?

– ಎರಡೂ.

– ನಿಜ ಹೇಳಿದೆಯಲ್ಲ, ಸಂತೋಷ. ಸರ್ಟಿಫಿಕೇಟ್ ಕೊಡೋದು ಹೆಡ್‌ಮಾಸ್ಟ್ರು. ಐದು ನಿಮಿಷದ ಕೆಲಸ, ಸೀಲಿನ ಪ್ಯಾಡ್ ಒಣಗಿದ್ದರೆ ಹತ್ತು ನಿಮಿಷ. ಅನುಭವಕ್ಕೆ ಒಂದು ತಿಂಗಳು ಸಾಲಲ್ಲ. ವಾರಕ್ಕೆ ಎರಡೇ ದಿನ ಬಾ, ಆದರೆ ದಸರಾ ರಜೆ ತನಕ ತಪ್ಪಿಸದೆ ಬಾ. ಒಂದೇ ಶಾಲೆ, ಒಂದೇ ತರಗತಿ, ಅದೇ ವಾರ, ಅದೇ ಹೊತ್ತು. ದಿನಾ ಬಂದು ಹದಿನೈದು ದಿನಕ್ಕೆ ಮಾಯ ಆಗೋರನ್ನ ಬಹಳ ನೋಡಿದ್ದೀನಿ. ಅವರು ಹೋದ ಮೇಲೆ ಕೆಲವು ಮಕ್ಕಳು ವಾರಗಟ್ಟಲೆ ಬಾಗಿಲ ಕಡೆ ನೋಡ್ತಿರ್ತಾರೆ.

– ಆಗಲಿ, ಬರ್ತೀನಿ. ಏನು ಕೆಲಸ ಕೊಡ್ತೀರಿ?

– ಮೊದಲ ಎರಡು ವಾರ ಕೈ ಕಟ್ಟಿ ಕೂರೋದು.

– ಅಷ್ಟೇನಾ?

– ಅಷ್ಟೇ ಅನ್ನಬೇಡ. ಹೇಳ್ತೀನಿ ಕೇಳು. ಒಂದು ಶಾಲೇಲಿ ಎರಡನೇ ತರಗತಿ ಹುಡುಗ, ಆಟಿಸಂ ಇದೆ, ಮಾತು ಕಡಿಮೆ. ದಿನಾ ಮಧ್ಯಾಹ್ನ ಊಟಕ್ಕೆ ಮೊದಲು ಎದ್ದು ಓಡಿಹೋಗ್ತಿದ್ದ. ಟೀಚರು ಗದರಿಸಿದರು, ಆಮೇಲೆ ಬೆಂಚಿನ ಒಳಬದಿಗೆ ಕೂರಿಸಿ ಪಕ್ಕದಲ್ಲಿ ಇಬ್ಬರು ಗಟ್ಟಿ ಹುಡುಗರನ್ನ ಕಾವಲು ಹಾಕಿದರು. ‘ಹಸಿವು ತಡೆಯಲ್ಲ ಅವನಿಗೆ’ ಅಂತ ಎಲ್ಲರ ತೀರ್ಮಾನ. ನಂದೂ ಅದೇ. ಬಿಸ್ಕತ್ತು ಕೊಟ್ಟು ನೋಡಿದೆ. ಬಿಸ್ಕತ್ತು ತಿಂದು ಓಡಿದ.

ಆ ವರ್ಷ ಅಲ್ಲಿಗೆ ಒಬ್ಬರು ಸ್ವಯಂಸೇವಕರು ಬರ್ತಿದ್ದರು. ನಿವೃತ್ತ ಬಸ್ ಕಂಡಕ್ಟರು. ಮಕ್ಕಳ ಮನಶ್ಶಾಸ್ತ್ರ ಅಂದರೆ ಏನು ಅಂತ ಗೊತ್ತಿಲ್ಲ, ಆದರೆ ಮೂವತ್ತು ವರ್ಷ ಟ್ರಿಪ್ ಶೀಟ್ ಬರೆದ ಕೈ. ನೀವು ಸುಮ್ಮನೆ ನೋಡಿ ಬರೀರಿ ಅಂದೆ. ನೋಟ್‌ಬುಕ್ಕಿಗೆ ಗೆರೆ ಹೊಡೆದು ಬರೆಯೋಕೆ ಶುರು ಮಾಡಿದರು: ‘12-20, ಬೆಂಚಿನಿಂದ ಗೇಟಿಗೆ. 12-35, ಗೇಟಿನಿಂದ ಬೆಂಚಿಗೆ.’ ಪ್ರಯಾಣಿಕರ ಸಂಖ್ಯೆ ಒಂದು ಅಂತಲೂ ಬರೆದಿದ್ದರು! ಹತ್ತು ದಿನ ಆದ ಮೇಲೆ ನನ್ನನ್ನ ಕರೆದು ಕೇಳಿದರು: ‘ಮೇಡಂ, ಹಸಿದ ಹುಡುಗ ಅಡುಗೆಮನೆ ಕಡೆ ಓಡಬೇಕಲ್ವಾ? ಇವನು ಗೇಟಿನ ಕಡೆ ಯಾಕೆ ಓಡ್ತಾನೆ?’

– ಅಯ್ಯೋ, ಹೌದಲ್ಲ.

– ವರ್ಷಗಟ್ಟಲೆ ನೋಡಿದ ನಮಗೆ ಯಾರಿಗೂ ಹೊಳೆದಿರಲಿಲ್ಲ. ಇನ್ನೂ ಒಂದು ಗುರುತು ಹಾಕಿದ್ದರು. ಒಂದು ದಿನ ಮಾತ್ರ ಹುಡುಗ ಓಡಲಿಲ್ಲ. ಅವತ್ತು ಅಡುಗೆಯವರು ಸಿಹಿ ಪೊಂಗಲ್ ಮಾಡಿದ್ದರು.

– ಅಂದ್ರೆ?

– ಸಾಂಬಾರಿನ ಒಗ್ಗರಣೆ! ತರಗತಿ ಕಿಟಕಿ ಇರೋದು ಅಕ್ಷರ ದಾಸೋಹದ ಅಡುಗೆಕೋಣೆಗೆ ಎದುರಾಗಿ. ಇನ್ನೂರು ಮಕ್ಕಳ ಸಾಂಬಾರಿಗೆ ಒಗ್ಗರಣೆ ಅಂದರೆ ಎಷ್ಟು ಒಣಮೆಣಸಿನಕಾಯಿ ಯೋಚನೆ ಮಾಡು. ನಮಗೆ ಎರಡು ಸೀನು ಬರುತ್ತೆ, ಮುಗೀತು. ಆ ಹುಡುಗನಿಗೆ ಸಾಸಿವೆ ಸಿಡಿಯೋ ಸದ್ದು, ಆ ಘಾಟು, ಎರಡೂ ಮೈಮೇಲೆ ಬಿದ್ದ ಹಾಗೆ. ಅವನು ತಪ್ಪು ಮಾಡ್ತಿರಲಿಲ್ಲ, ತಪ್ಪಿಸ್ಕೊಳ್ತಿದ್ದ. ನಾವು ಇಬ್ಬರು ಹುಡುಗರನ್ನ ಕಾವಲು ಹಾಕಿ ಅವನನ್ನ ಘಾಟಿನೊಳಗೆ ಹಿಡಿದು ಕೂರಿಸಿದ್ವಿ.

– ಆಮೇಲೆ?

– ಜಾಗ ಬದಲಾಯಿಸಿದ್ವಿ. ಬಾಣಲೆ ಒಲೆ ಮೇಲಿಡೋ ಮೊದಲು ಅಡುಗೆಯಮ್ಮ ಕಿಟಕಿ ಹತ್ತಿರ ಬಂದು ‘ಒಗ್ಗರಣೆ’ ಅಂತ ಒಂದು ಕೂಗು ಹಾಕ್ತಿದ್ದರು. ಅವನು ಎದ್ದು ಒಬ್ಬ ಗೆಳೆಯನ ಜೊತೆ ಹಿಂದಿನ ಹುಣಸೆಮರದ ಕಟ್ಟೆಗೆ ನಡೆದು ಹೋಗ್ತಿದ್ದ. ಓಡ್ತಿರಲಿಲ್ಲ, ನಡೀತಿದ್ದ. ಒಂದು ರೂಪಾಯಿ ಖರ್ಚಿಲ್ಲ, ಒಂದು ಮಾತ್ರೆ ಇಲ್ಲ. ಈಗ ಹೇಳು, ಕೈ ಕಟ್ಟಿ ಕೂರೋದು ಕೆಲಸ ಹೌದೋ ಅಲ್ವೋ?

– ಹೌದು. ಆದರೆ ಎರಡು ವಾರ ಆದ ಮೇಲೆ ಕೈ ಬಿಚ್ಚಬಹುದಾ?

– ಬಿಚ್ಚು, ಆದರೆ ನಿಧಾನಕ್ಕೆ. ನಾನು ಬೇಗ ಬಿಚ್ಚಿ ಕೆಟ್ಟೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾಲ್ಕನೇ ತರಗತಿ ಹುಡುಗನೊಬ್ಬ, ಸೆರೆಬ್ರಲ್ ಪಾಲ್ಸಿ. ಕೈ ಬಿಗಿ, ಚಮಚ ಬಾಯಿಗೆ ಹೋಗೋಷ್ಟರಲ್ಲಿ ಅನ್ನ ಅಂಗಿ ಮೇಲೆ. ನೋಡೋಕಾಗದೆ ನಾನೇ ಕಲಸಿ ತಿನ್ನಿಸಿದೆ. ಅವನ ನೋಟ್ಸು ನಾನೇ ಬರೆದೆ. ಊರಲ್ಲೆಲ್ಲ ‘ತಾಯಿ ಹಾಗೆ ನೋಡ್ಕೋತಾರೆ’ ಅಂದರು. ನನಗೂ ಕೇಳೋಕೆ ಹಿತವಾಗಿತ್ತು, ಸುಳ್ಳು ಹೇಳಲ್ಲ. ಆಮೇಲೆ ಹೆರಿಗೆ ರಜೆ ಹಾಕಿದೆ. ಆರು ತಿಂಗಳು ಬಿಟ್ಟು ಬಂದು ನೋಡ್ತೀನಿ, ತಟ್ಟೆ ಮುಂದೆ ಇಟ್ಟುಕೊಂಡು ಬಾಯಿ ತೆರೆದು ಕೂತಿದ್ದಾನೆ. ಯಾರಾದರೂ ಬಂದು ತಿನ್ನಿಸಲಿ ಅಂತ. ರಜೆಗೆ ಮೊದಲು ಸ್ವಲ್ಪವಾದರೂ ಎತ್ತುತ್ತಿದ್ದ ಕೈ, ತೊಡೆ ಮೇಲೆ ಬಿದ್ದಿತ್ತು.

– ನಿಮ್ಮ ತಪ್ಪಲ್ಲ ಅದು, ಪಾಪ…

– ತಡಿ. ಆ ಪದ ಒಂದು ಬೇಡ. ‘ಪಾಪ’ಕ್ಕೆ ಕನ್ನಡದಲ್ಲಿ ಮೂರು ಅರ್ಥ, ಮೂರೂ ಈ ಮಕ್ಕಳಿಗೇ ತಗಲುತ್ತೆ. ಒಂದು, ಹಿಂದಿನ ಜನ್ಮದ ಪಾಪ. ಇವತ್ತಿಗೂ ತಾಯಂದಿರ ಮುಖಕ್ಕೆ ಹೇಳೋರಿದ್ದಾರೆ. ಎರಡು, ಅಯ್ಯೋ ಪಾಪ. ಮೂರನೇದು, ಪಾಪ ಅಂದರೆ ಕೂಸು. ಹದಿಮೂರು ವರ್ಷದ ಹುಡುಗಿಯ ಗಲ್ಲ ಹಿಂಡಿ ‘ಊಟ ಆಯ್ತಾ ಪುಟ್ಟೀ’ ಅಂತ ರಾಗ ಎಳೆಯೋದು. ಈ ಮೂರನೇದನ್ನ ಸ್ವಯಂಸೇವಕರು ಹೆಚ್ಚು ಮಾಡ್ತಾರೆ.

– ಹಾಗಾದರೆ ಏನಂತ ಕರೀಬೇಕು? ಅಂಗವಿಕಲ ಅನ್ನಬಾರದು ಅಂತಾರೆ, ವಿಕಲಚೇತನ, ವಿಶೇಷಚೇತನ, ದಿವ್ಯಾಂಗ…

– ಹೆಸರು ಹಿಡಿದು ಕರಿ. ಹಾಜರಿ ಪುಸ್ತಕದಲ್ಲಿ ಬರೆದಿರುತ್ತೆ. ಇಲಾಖೆಗೆ ಪದ ಬೇಕು, ಕಾನೂನಿಗೆ ಬೇಕು. 1995ರ ಕಾಯ್ದೆಯಲ್ಲಿ ಏಳು ಬಗೆ ಅಂಗವೈಕಲ್ಯ ಇತ್ತು, 2016ರದ್ದರಲ್ಲಿ ಇಪ್ಪತ್ತೊಂದು. ಕಲಿಕಾ ನ್ಯೂನತೆ, ಆಟಿಸಂ ಎಲ್ಲ ಪಟ್ಟಿಗೆ ಸೇರಿದ್ದು ಆಗ. ಪಟ್ಟಿ ಬೆಳೆದದ್ದು ಒಳ್ಳೇದೇ ಆಯ್ತು, ಸವಲತ್ತು ಸಿಗುತ್ತೆ. ತರಗತಿ ಒಳಗೆ ಪಟ್ಟಿ ಬೇಡ.

– ಆ ಹುಡುಗನ ಕೈ ಏನಾಯ್ತು?

– ಮತ್ತೆ ಮೊದಲಿಂದ. ಚಮಚದ ಹಿಡಿಗೆ ಹಳೇ ಸೈಕಲ್ ಟ್ಯೂಬ್ ಸುತ್ತಿದೆ, ದಪ್ಪಗಿದ್ದರೆ ಬಿಗಿ ಕೈಗೆ ಹಿಡಿತ ಸಿಗುತ್ತೆ. ತಟ್ಟೆ ಜಾರದ ಹಾಗೆ ಕೆಳಗೆ ಒದ್ದೆ ಬಟ್ಟೆ. ಅನ್ನ ಸ್ವಲ್ಪ ಗಟ್ಟಿ ಕಲಸೋದು. ಬೆನ್ನು ನೆಟ್ಟಗೆ, ಪಾದ ಊರಿರಬೇಕು. ಕಾಲು ನೇತಾಡಿಸಿಕೊಂಡು ಕೂತರೆ ಕೈ ಇನ್ನೂ ಬಿಗಿಯುತ್ತೆ, ಕಾಲಿಗೆ ಒಂದು ಮಣೆ ಇಟ್ಟೆ. ಮೊದಲ ದಿನ ನಾಲ್ಕು ಚಮಚ. ಅಷ್ಟಕ್ಕೆ ಇಪ್ಪತ್ತೈದು ನಿಮಿಷ. ನಾನು ಪಕ್ಕದಲ್ಲಿ ನನ್ನ ಕೈಗಳನ್ನ ನಾನೇ ತೊಡೆ ಕೆಳಗೆ ಒತ್ತಿ ಹಿಡ್ಕೊಂಡು ಕೂತಿದ್ದೆ.

– ಎಷ್ಟು ಸಹಾಯ ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಅನ್ನೋದು ಹೇಗೆ ಗೊತ್ತಾಗುತ್ತೆ?

– ನೀನು ನಲಿ-ಕಲಿಯಲ್ಲಿ ಓದಿದವಳಾ?

– ಹೌದು, ರ ಗ ಸ ದ ಅ!

– ನೋಡು, ಅ ಆ ಇ ಈ ಅಂತ ಶುರು ಮಾಡಿಲ್ಲ ನೀನು. ಆ ತರಗತೀಲಿ ಐದು ತಟ್ಟೆ ಇತ್ತಲ್ಲ? ಪೂರ್ತಿ ಶಿಕ್ಷಕರ ಸಹಾಯ, ಭಾಗಶಃ ಶಿಕ್ಷಕರ ಸಹಾಯ, ಪೂರ್ತಿ ಗೆಳೆಯರ ಸಹಾಯ, ಭಾಗಶಃ ಗೆಳೆಯರ ಸಹಾಯ, ಕೊನೇದು ಸ್ವಕಲಿಕೆ. ಇದನ್ನ ವಿಶೇಷ ಮಕ್ಕಳಿಗೆ ಅಂತ ಯಾರೂ ಮಾಡಲಿಲ್ಲ, ಹಳ್ಳಿ ಶಾಲೇಲಿ ಒಂದೇ ಕೋಣೆಯಲ್ಲಿ ಮೂರು ತರಗತಿ ಇರ್ತವಲ್ಲ, ಅದಕ್ಕೆ ಮಾಡಿದ್ದು. ಆದರೆ ನಾನು ಕಂಡ ಹಾಗೆ ನಿಧಾನಕ್ಕೆ ಕಲಿಯೋ ಮಗು ನಾಚಿಕೆ ಇಲ್ಲದೆ ಕೂರೋ ಜಾಗ ಸರ್ಕಾರಿ ಶಾಲೇಲಿ ಅದೊಂದೇ. ಕಲಿಕಾ ಏಣಿಯ ಯಾವ ಮೆಟ್ಟಿಲಲ್ಲಿ ಇದ್ದರೂ ನಡೆಯುತ್ತೆ. ನಾಲ್ಕನೇ ತರಗತಿಗೆ ಬಂದ ಮೇಲೆ ಶುರು ಕಷ್ಟ, ಎಲ್ಲರಿಗೂ ಒಂದೇ ಪಾಠ, ಒಂದೇ ವೇಗ.

ಆ ಐದು ತಟ್ಟೆ ನೆನಪಿಟ್ಟುಕೋ. ಮಗು ಏನೋ ಮಾಡೋಕೆ ಹೊರಟಿದೆ, ಆಗ್ತಿಲ್ಲ. ಮೊದಲು ಮನಸ್ಸಿನಲ್ಲಿ ಹತ್ತರ ತನಕ ಎಣಿಸು. ಆಗಲಿಲ್ಲವಾ, ಕಣ್ಣಲ್ಲಿ ತೋರಿಸು. ಆಮೇಲೆ ಒಂದು ಮಾತು. ಆಮೇಲೆ ಪಕ್ಕದ ಮಗುವಿಗೆ ‘ನೀನು ಹೇಗೆ ಮಾಡ್ದೆ ತೋರಿಸು’ ಅನ್ನು. ಕೊನೆಗೆ ಬೇಕಾದರೆ ಮುಟ್ಟು, ಅದೂ ಮೊಣಕೈಯನ್ನ, ಬೆರಳನ್ನಲ್ಲ. ಮುಟ್ಟೋ ಮೊದಲು ಕೇಳು. ಗಾಲಿಕುರ್ಚಿಗೂ ಅದೇ ಮಾತು, ಹೇಳದೆ ಹಿಂದಿನಿಂದ ತಳ್ಳಬೇಡ. ಯಾರಾದರೂ ನಿನ್ನನ್ನ ಹೇಳದೆ ಕೇಳದೆ ಎತ್ತಿ ಬೇರೆ ಕಡೆ ಇಟ್ಟರೆ ಸುಮ್ಮನಿರ್ತೀಯಾ?

– ಬ್ರೈಲ್ ಕಲೀಬೇಕಾ?

– ಕಲಿ. ಸ್ಲೇಟು, ಸ್ಟೈಲಸ್ ನಾನೇ ಕೊಡ್ತೀನಿ. ಭಾರತಿ ಬ್ರೈಲ್ ಅಂತ, 1951ರಿಂದ ನಮ್ಮ ದೇಶದ ಭಾಷೆಗಳಿಗೆಲ್ಲ ಒಂದೇ ಪದ್ಧತಿ. ಆರು ಚುಕ್ಕೆ. ಒಂದನೇದು, ಮೂರನೇದು ಚುಚ್ಚಿದರೆ ‘ಕ’. ಗುಣಿತ ಅಂತ ತಲೆಕಟ್ಟು, ಗುಡಿಸು ಎಲ್ಲ ಇಲ್ಲ, ಸ್ವರ ವ್ಯಂಜನದ ನಂತರ ಬಂದು ನಿಲ್ಲುತ್ತೆ. ಒತ್ತಕ್ಷರ ಕೆಳಗೆ ಇಳಿಯಲ್ಲ, ಎಲ್ಲ ಒಂದೇ ಸಾಲಿನಲ್ಲಿ. ಒಂದು ವಿಷಯ ಮಾತ್ರ ತಲೆ ತಿರುಗಿಸುತ್ತೆ: ಸ್ಲೇಟಿನಲ್ಲಿ ಬಲದಿಂದ ಎಡಕ್ಕೆ ಚುಚ್ಚಬೇಕು, ಹಾಳೆ ಮಗುಚಿ ಎಡದಿಂದ ಬಲಕ್ಕೆ ಓದಬೇಕು. ಹೋದ ವರ್ಷ ಬಂದಿದ್ದ ಹುಡುಗ ಕಷ್ಟಪಟ್ಟು ಒಂದು ಪುಟ ಚುಚ್ಚಿಕೊಂಡು ಬಂದ. ಆರನೇ ತರಗತಿ ಹುಡುಗಿ ಬೆರಳಾಡಿಸಿ ನಕ್ಕಳು, ‘ಅಣ್ಣಾ, ಕನ್ನಡೀಲಿ ಬರೆದಿದ್ದೀರಾ?’ ಅಂದಳು. ಕನ್ನಡಿಯನ್ನ ಅವಳು ನೋಡಿಲ್ಲ, ಆದರೆ ತಿರುವುಮುರುವು ಅಂದರೆ ಏನು ಅಂತ ಅವಳಿಗೆ ಅವನಿಗಿಂತ ಚೆನ್ನಾಗಿ ಗೊತ್ತು. ಆಮೇಲೆ ಅವಳೇ ಅವನಿಗೆ ಕಲಿಸಿದಳು. ಗದಗಿನ ವೀರೇಶ್ವರ ಪುಣ್ಯಾಶ್ರಮ ನೆನಪು ಮಾಡ್ಕೋ. ಪಂಚಾಕ್ಷರ ಗವಾಯಿಗಳಿಗೂ ಕಣ್ಣು ಕಾಣ್ತಿರಲಿಲ್ಲ, ಪುಟ್ಟರಾಜ ಗವಾಯಿಗಳಿಗೂ. ಕಣ್ಣು ಕಾಣೋರೇ ಕಲಿಸಬೇಕು, ಕಾಣದೋರು ಕಲಿಯಬೇಕು ಅಂತ ನಮ್ಮ ನಾಡಲ್ಲಿ ಯಾರೂ ಹೇಳೋ ಹಾಗಿಲ್ಲ.

– ಪರೀಕ್ಷೇಲಿ ಬರಹಗಾರಳಾಗಬಹುದಾ? ನನ್ನ ಅಕ್ಷರ ದುಂಡಗಿದೆ.

– ಡಿಗ್ರಿ ಆಗಿದೆಯಲ್ಲ, ಹೈಸ್ಕೂಲು ಮಕ್ಕಳಿಗೆ ನೀನು ಆಗಲ್ಲ. ಅಭ್ಯರ್ಥಿ ತಾನೇ ಕರೆತರೋ ಬರಹಗಾರ ಅವನಿಗಿಂತ ಒಂದು ಮೆಟ್ಟಿಲು ಕಡಿಮೆ ಓದಿರಬೇಕು ಅಂತ 2018ರ ಕೇಂದ್ರದ ಮಾರ್ಗಸೂಚಿಯೇ ಹೇಳಿತ್ತು. ಗಂಟೆಗೆ ಇಪ್ಪತ್ತು ನಿಮಿಷ ಹೆಚ್ಚಿನ ಸಮಯ ಅಂತಲೂ ಅದರಲ್ಲಿತ್ತು. ನೀನು ಬೇರೆ ಮಾಡು: ಹೇಳಿ ಬರೆಸೋದನ್ನ ಅಭ್ಯಾಸ ಮಾಡಿಸು. ಉತ್ತರ ಗೊತ್ತಿದ್ದರೂ ಇನ್ನೊಬ್ಬರ ಕೈಗೆ ಹೇಳಿ ಬರೆಸೋಕೆ ಬರದೆ ಅಂಕ ಕಳಕೊಳ್ಳೋ ಮಕ್ಕಳು ಬಹಳ.

– ಮಾಡಬಾರದ್ದು ಏನೇನು?

– ಅದೇ ಮುಖ್ಯ, ಕೊನೆಗೆ ಕೇಳಿದೆ. ಮಗುವಿಗೆ ಇಂಥದ್ದಿದೆ ಅಂತ ನೀನು ಹೆಸರಿಡಬೇಡ. ಮೊಬೈಲಿನಲ್ಲಿ ಓದಿಕೊಂಡು ‘ನಿಮ್ಮ ಮಗನಿಗೆ ಆಟಿಸಂ ಇರಬಹುದು’ ಅಂತ ಒಬ್ಬಳು ತಾಯಿಗೆ ಹೇಳಿಬಿಟ್ಟಿದ್ದಳು. ಆ ಹುಡುಗನಿಗೆ ಕಿವಿ ಕೇಳ್ತಿರಲಿಲ್ಲ. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕಳಿಸಿ ಗೊತ್ತಾಯ್ತು. ನಡುವೆ ಎರಡು ತಿಂಗಳು ಆ ತಾಯಿ ಅತ್ತದ್ದು ಯಾರ ಲೆಕ್ಕಕ್ಕೆ? ಥೆರಪಿ ಅಂತ ಕೈಕಾಲು ಎಳೀಬೇಡ, ಅದಕ್ಕೆ ಓದಿದವರು ಇದ್ದಾರೆ. ಮಾತ್ರೆ ಕೊಡಬೇಡ. ಫೋಟೋ ತೆಗೀಬೇಡ, ಸ್ಟೇಟಸ್ಸಿಗೆ ಹಾಕಬೇಡ, ಹುಟ್ಟುಹಬ್ಬಕ್ಕೆ ಕೇಕು ತಂದು ಈ ಮಕ್ಕಳಿಗೆ ಮಾತ್ರ ಹಂಚಬೇಡ. ಶೌಚಾಲಯಕ್ಕೆ ಕರೆದುಕೊಂಡು ಹೋಗೋದು ನಿನ್ನ ಕೆಲಸ ಅಲ್ಲ, ಶಾಲೆ ಅದಕ್ಕೆ ಒಬ್ಬರನ್ನ ಗೊತ್ತುಮಾಡಬೇಕು. ಮುಚ್ಚಿದ ಬಾಗಿಲ ಹಿಂದೆ ಮಗುವಿನ ಜೊತೆ ಒಬ್ಬಳೇ ಇರಬೇಡ. ಮಗು ಯಾರ ಬಗ್ಗೆಯಾದರೂ ಏನಾದರೂ ಹೇಳಿದರೆ, ಮೈಮೇಲೆ ಗುರುತು ಕಂಡರೆ, ನುಂಗಿಕೊಂಡು ಕೂರಬೇಡ. ಮಕ್ಕಳ ಮೇಲೆ ಲೈಂಗಿಕ ಅಪರಾಧ ಆಗಿದೆ ಅಂತ ಗೊತ್ತಾದವರು 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಅದು ಹೆಡ್‌ಮಾಸ್ಟ್ರಿಗೂ ಅನ್ವಯ, ನಿನಗೂ ಅನ್ವಯ. ಮಕ್ಕಳ ಸಹಾಯವಾಣಿ 1098 ನಂಬರ್ ಫೋನಿನಲ್ಲಿ ಇಟ್ಟುಕೋ.

– ಫಿಟ್ಸ್ ಬಂದರೆ? ಅದೊಂದು ಭಯ ನನಗೆ.

– ಕೀಲಿಕೈ ಹುಡುಕಬೇಡ. ನಗಬೇಡ, ನಮ್ಮ ಟೀಚರುಗಳೇ ಬೀರುವಿನ ಬೀಗದ ಕೈ ತಂದು ಮಗುವಿನ ಮುಷ್ಟಿಗೆ ತುರುಕಿದ್ದನ್ನ ನೋಡಿದ್ದೀನಿ. ಕಬ್ಬಿಣ, ಈರುಳ್ಳಿ, ಚಪ್ಪಲಿ ಯಾವುದೂ ಬೇಡ. ಬಾಯಿಗೆ ಚಮಚ, ನೀರು ಹಾಕಬೇಡ. ಕೈಕಾಲು ಅದುಮಿ ಹಿಡೀಬೇಡ. ಮಗ್ಗುಲಿಗೆ ಮಲಗಿಸು, ತಲೆ ಕೆಳಗೆ ನಿನ್ನ ದುಪಟ್ಟಾ ಮಡಚಿ ಇಡು, ಬೆಂಚು ಕಲ್ಲು ದೂರ ಸರಿಸು, ಗಡಿಯಾರ ನೋಡು. ಐದು ನಿಮಿಷ ದಾಟಿದರೆ, ಅಥವಾ ನಿಂತು ಮತ್ತೆ ಶುರುವಾದರೆ 108. ಉಳಿದ ಮಕ್ಕಳನ್ನ ಹೊರಗೆ ಓಡಿಸಬೇಡ, ಆದರೆ ಸುತ್ತ ಗುಂಪುಗಟ್ಟೋಕೂ ಬಿಡಬೇಡ. ಎಚ್ಚರ ಆದಾಗ ಅವರು ಮಾಮೂಲಾಗಿ ‘ಎದ್ಯಾ?’ ಅಂದರೆ ಅದಕ್ಕಿಂತ ಒಳ್ಳೇ ಔಷಧ ಇಲ್ಲ.

– ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇದು ಸರ್ಕಾರ ಹುದ್ದೆ ತುಂಬದೆ ನಮ್ಮಂಥವರನ್ನ ಸೇವೆ ಅಂತ ಪುಕ್ಕಟೆ ದುಡಿಸಿಕೊಳ್ಳೋದಲ್ವಾ?

– ಬೇಜಾರು ಯಾಕೆ? ಸರಿಯಾದ ಪ್ರಶ್ನೆ. ಆ ಅಪಾಯ ಇದ್ದೇ ಇದೆ. ಸುಪ್ರೀಂ ಕೋರ್ಟು 2021ರ ಅಕ್ಟೋಬರಿನಲ್ಲೇ ಹೇಳಿತು: ಪ್ರಾಥಮಿಕದಲ್ಲಿ ವಿಶೇಷ ಅಗತ್ಯದ ಹತ್ತು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಮೇಲಿನ ತರಗತಿಗಳಲ್ಲಿ ಹದಿನೈದಕ್ಕೆ ಒಬ್ಬ. 2025ರ ಮಾರ್ಚಿನಲ್ಲಿ ಮತ್ತೆ ಎಲ್ಲ ರಾಜ್ಯಗಳಿಗೆ ಹುದ್ದೆಗಳ ಸಂಖ್ಯೆ ಪ್ರಕಟಿಸಿ ಅಂತ ಗಡುವು ಕೊಟ್ಟಿತು. ಕೋರ್ಟು ಹೇಳಿದ್ದು ಶಿಕ್ಷಕರು ಅಂತ, ಸ್ವಯಂಸೇವಕರು ಅಂತಲ್ಲ. ನನ್ನ ಕಥೆ ನೋಡು: ಸೋಮವಾರ ಒಂದು ಶಾಲೆ, ಮಂಗಳವಾರ ಇನ್ನೊಂದು, ಗುರುವಾರ ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳ ಮನೆಗೆ. ಬೆಳಗಿನ ಬಸ್ಸು ತಪ್ಪಿತು ಅಂದರೆ ಆ ವಾರ ಆ ಮಗುವಿಗೆ ನಾನಿಲ್ಲ. ಪಟ್ಟಣದ ಕಡೆ ಇನ್ನೊಂದು ಆಟ, ಮಗುವಿಗೆ ಜೊತೆ ಕೂರೋರನ್ನ ನೀವೇ ಸಂಬಳ ಕೊಟ್ಟು ತನ್ನಿ ಅಂತ ಅಪ್ಪಅಮ್ಮನಿಗೆ ಹೇಳೋ ಶಾಲೆಗಳು. ನನ್ನ ತಂಗಿಗೇ ಹೇಳಿದ್ದಾರೆ, ಫೀಸಿಗಿಂತ ಅದೇ ಜಾಸ್ತಿ ಆಯ್ತು.

– ಹಾಗಾದರೆ ನಾನು ಬರಬೇಕಾ, ಬೇಡವಾ?

– ಬಾ. ಒಂದು ಷರತ್ತು. ‘ನೀನಿದ್ದೀಯಲ್ಲ, ಇನ್ನು ಆ ಮೇಡಂ ಯಾಕೆ’ ಅಂತ ಯಾರಾದರೂ ಅಂದ ದಿನ ನೀನು ಬರೋದು ನಿಲ್ಲಿಸು, ನಿಲ್ಲಿಸಿದ್ದು ಯಾಕೆ ಅಂತ ಎಸ್‌ಡಿಎಂಸಿ ಸಭೆಯಲ್ಲಿ ಹೇಳು. ಅಲ್ಲಿಯವರೆಗೆ ನಿನ್ನ ಜಾಗ ಮಗುವಿನ ಪಕ್ಕದಲ್ಲಲ್ಲ, ಹಿಂದಿನ ಬೆಂಚಿನಲ್ಲಿ. ಪಕ್ಕದಲ್ಲಿ ಗೆಳೆಯರು ಕೂರಬೇಕು. ದೊಡ್ಡವಳು ಒಬ್ಬಳು ಅಂಟಿಕೊಂಡು ಕೂತರೆ ಯಾವ ಮಗು ಹತ್ತಿರ ಬರುತ್ತೆ ಹೇಳು? ನೀನು ಟೀಚರಿಗೆ ಬೇಕಾಗ್ತೀಯ: ಉಳಿದ ಮೂವತ್ತು ಮಕ್ಕಳ ಕಾಪಿ ನೀನು ತಿದ್ದಿಕೊಟ್ಟರೆ ಅವರಿಗೆ ಈ ಮಗುವಿನ ಜೊತೆ ಹತ್ತು ನಿಮಿಷ ಸಿಗುತ್ತೆ. ಈ ಲೆಕ್ಕ ಯಾವ ಸ್ವಯಂಸೇವಕರಿಗೂ ಇಷ್ಟ ಆಗಲ್ಲ, ಎಲ್ಲರಿಗೂ ಆ ಒಂದು ಮಗುವೇ ಬೇಕು.

– ನನಗೂ ಹಾಗೇ ಅನ್ನಿಸಿತ್ತು, ನಿಜ ಹೇಳಬೇಕೆಂದರೆ.

– ಎಲ್ಲರಿಗೂ ಅನ್ನಿಸುತ್ತೆ. ಸರಿ, ಸೇವಾ ಸಿಂಧುವಿನಲ್ಲಿ ಪೊಲೀಸ್ ಪರಿಶೀಲನೆಗೆ ಅರ್ಜಿ ಹಾಕು. ಆ ಪತ್ರ ಬರೋ ತನಕ ಒಳಗೆ ಬಿಡಲ್ಲ, ಅದಕ್ಕೆ ಬೇಜಾರು ಮಾಡ್ಕೋಬೇಡ. ಬಿಇಒ ಕಚೇರಿಗೆ ಒಂದು ಪತ್ರ, ಹೆಡ್‌ಮಾಸ್ಟ್ರಿಗೆ ಒಂದು. ಪೊಲೀಸ್ ಪತ್ರ ಬರೋ ಹೊತ್ತಿಗೆ ಈ ಸ್ಲೇಟಿನಲ್ಲಿ ಕ ದಿಂದ ಳ ತನಕ ಚುಚ್ಚಿಕೊಂಡು ಬಾ. ತಿದ್ದೋಳು ನಾನಲ್ಲ, ಆ ಆರನೇ ತರಗತಿ ಹುಡುಗಿ, ಈಗ ಏಳನೇ ತರಗತಿ.

– ಇನ್ನೇನು ತರಬೇಕು?

– ಗೆರೆ ಹೊಡೆದ ನೋಟ್‌ಬುಕ್ಕು ಒಂದು. ಸೆಂಟು ಹಾಕಿಕೊಂಡು ಬರಬೇಡ, ಕೆಲವು ಮಕ್ಕಳಿಗೆ ಆಗಲ್ಲ. ಗೆಜ್ಜೆ ಕೂಡ ಬೇಡ. ಒಂಬತ್ತೂವರೆಗೆ ಪ್ರಾರ್ಥನೆ, ಅದಕ್ಕೆ ಮೊದಲು ಬಂದುಬಿಡು. ನಡುವೆ ಬಾಗಿಲು ತೆಗೆದರೆ ಕಂಡಕ್ಟರು ಸಮಯ ಬರೆದುಕೊಳ್ತಾರೆ. ಅವರು ಇನ್ನೂ ಬರ್ತಾರೆ, ಮಂಗಳವಾರ ಮತ್ತೆ ಶುಕ್ರವಾರ.